ಆದಾಯಗಣನೆಯ ಕಾಲನಿರ್ಣಯ

ರಾಜಾಜಿನಗರದ ಅಂಚಿನಲ್ಲಿ, ಡಾ. ರಾಜಕುಮಾರ್ ರಸ್ತೆಯ ಮೇಲೆ, ಬ್ರಿಗೇಡ್ ಎಂಬ ಗೃಹನಿರ್ಮಾಣ ಕಂಪೆನಿಯ ನೋಂದಾಯಿತ ಕಚೇರಿ ಇರುವುದು. ಈ ಕಂಪೆನಿಯೂ, ಬೆಂಗಳೂರಿನವೇ ಆದ ಪ್ರೆಸ್ಟೀಜ್, ಶೋಭಾ ಮೊದಲಾದವೂ 2018ನೆಯ ಇಸವಿ ಏಪ್ರಿಲ್ 1ರಿಂದ ಒಂದು ಹೊಸ ಲೆಕ್ಕಪ್ರಮಾಣವನ್ನು ಅನುಸರಿಸತೊಡಗಿದವು. ಆ ಕಾರಣದಿಂದ ಯಾವ ಕಟ್ಟಡದ ಒಂದು ಇಟ್ಟಿಗೆಯೂ ಕದಲಲಿಲ್ಲ; ಒಬ್ಬರಿಂದ ಒಬ್ಬರಿಗೆ ಒಂದು ರೂಪಾಯಿಯೂ ಸಂದಾಯವಾಗಲಿಲ್ಲ. ಆದರೂ ಹಿಂದಿನ ವರ್ಷಗಳಲ್ಲಿ ಲಾಭವೆಂದು ಪ್ರಕಟವಾಗಿದ್ದ ಹಣದ ಒಂದು ಭಾಗವು ಪುಸ್ತಕಗಳಿಂದ ಕಳೆದುಹೋಯಿತು. ಇದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ವಿಷಯವು ವಾಣಿಜ್ಯಕ್ಕೆ ಸೇರಿದ್ದಾದರೂ ಪ್ರಶ್ನೆಯು ಅರ್ಥನಿರ್ಣಯದ್ದೇ ಆಗಿರುವುದರಿಂದ ಭಾಷಾಸಾಹಿತ್ಯಗಳ ಅಭ್ಯಾಸಿಗಳಿಗೆ ಇದು ಹೊರತಾದುದಲ್ಲ.

ಅಂತರರಾಷ್ಟ್ರೀಯ ಪ್ರಮಾಣಗಳಿಗೆ ಸಮೀಪವಾಗಿ ರೂಪಿಸಿದ ‘ಇಂಡ್ ಎಎಸ್’ ಎಂಬ ಭಾರತೀಯ ಲೆಕ್ಕಪ್ರಮಾಣಗಳನ್ನು ಕೇಂದ್ರ ಸರಕಾರವು 2015ರ ಫೆಬ್ರವರಿಯಲ್ಲಿ ಪ್ರಕಟಿಸಿತು. 500 ಕೋಟಿ ರೂಪಾಯಿಗಳಿಗೆ ಕಡಮೆಯಿಲ್ಲದ ನಿವ್ವಳ ಸಂಪತ್ತುಳ್ಳ ಕಂಪೆನಿಗಳು 2016ರ ಏಪ್ರಿಲಿನಿಂದ ಇವಕ್ಕೆ ಒಳಪಟ್ಟವು. ಇವುಗಳಲ್ಲಿ 115ನೆಯ ಪ್ರಮಾಣವು ಗಿರಾಕಿಗಳೊಡನೆ ಮಾಡಿಕೊಂಡ ಕರಾರುಗಳಿಂದ ಬರುವ ಆದಾಯವನ್ನು ಕುರಿತದ್ದು; ಅದು ಬಂದುದು 2018ರಲ್ಲಿ.

ಅದಕ್ಕೆ ಮೊದಲು ಗೃಹನಿರ್ಮಾಪಕರು ಅನುಸರಿಸುತ್ತಿದ್ದ ಕ್ರಮದಲ್ಲಿ ಕಟ್ಟಡವು ಮೇಲೇರಿದಂತೆ ಆದಾಯವೂ ಏರುತ್ತಿದ್ದಿತು. ಲೆಕ್ಕಪರಿಶೋಧಕರ ಸಂಸ್ಥೆಯು 2012ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಇದಕ್ಕೆ ಕೆಲವು ನಿಬಂಧನೆಗಳನ್ನು ಹಾಕಿದ್ದಿತು: ಭೂಮಿಯ ಬೆಲೆಯನ್ನು ಬಿಟ್ಟು ಕಟ್ಟುವ ವೆಚ್ಚದಲ್ಲಿ ಶೇಕಡಾ 25 ಆದರೂ ಆಗಿರಬೇಕು, ಮಾರಾಟದ ವಿಸ್ತೀರ್ಣದಲ್ಲಿ ಶೇಕಡಾ 25ಕ್ಕೆ ಕರಾರು ಆಗಿರಬೇಕು, ಪ್ರತಿಯೊಂದು ಕರಾರಿನ ಹಣದಲ್ಲಿ ಶೇಕಡಾ 10 ಆದರೂ ಕೈಸೇರಿರಬೇಕು, ಮುಖ್ಯವಾದ ಅನುಮತಿಗಳೂ ದೊರೆತಿರಬೇಕು. ಇಷ್ಟಾದ ಮೇಲೆ ಎಷ್ಟು ಕೆಲಸ ಮುಗಿಯಿತೋ ಅಷ್ಟು ಆದಾಯ.

ಹೊಸ ಪ್ರಮಾಣವು ಬೇರೊಂದನ್ನು ಕೇಳುತ್ತದೆ: ವಸ್ತುವಿನ ಮೇಲಣ ಹತೋಟಿಯು ಗಿರಾಕಿಗೆ ಸಂದಿತೆ? ಕೆಲಸ ನಡೆಯುತ್ತಿರುವಾಗಲೇ ಆದಾಯವನ್ನು ಬರೆಯಬೇಕಾದರೆ, ಅದುವರೆಗೆ ಆದ ಕೆಲಸಕ್ಕೆ ಹಣವನ್ನು ಪಡೆಯುವ ಹಕ್ಕು ಕಾನೂನಿನಲ್ಲಿ ನಿಲ್ಲುವಂತಹದಾಗಿರಬೇಕು, ಇಲ್ಲವೆ ಅಂತಹ ಬೇರೆ ಆಧಾರವಿರಬೇಕು. ನಮ್ಮಲ್ಲಿಯ ಮನೆಯ ಕರಾರುಗಳಲ್ಲಿ ಆ ಹಕ್ಕು ಸಂದೇಹಾಸ್ಪದವಾದುದರಿಂದ, ಅನೇಕ ಕಂಪೆನಿಗಳು ಮನೆಯನ್ನು ವಹಿಸಿಕೊಡುವ ಕಾಲವನ್ನೇ ಆದಾಯದ ಕಾಲವೆಂದು ಇಟ್ಟುಕೊಂಡವು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕೆಂಗೇರಿಯಲ್ಲಿ 80 ಲಕ್ಷ ರೂಪಾಯಿಗೆ ಒಂದು ಮನೆ ಮಾರಾಟವಾಯಿತೆಂದೂ ಅದಕ್ಕೆ ತಗಲುವ ವೆಚ್ಚ 60 ಲಕ್ಷವೆಂದೂ ಮೂರು ವರ್ಷಗಳಲ್ಲಿ ಕ್ರಮವಾಗಿ ಶೇಕಡಾ 30, 40, 30ರಂತೆ ಕೆಲಸವಾಯಿತೆಂದೂ ಇಟ್ಟುಕೊಳ್ಳೋಣ. ಹಳೆಯ ಕ್ರಮದಲ್ಲಿ ಲಾಭವು 6, 8, 6 ಲಕ್ಷ. ಹೊಸ ಕ್ರಮದಲ್ಲಿ ಮೊದಲೆರಡು ವರ್ಷಗಳಿಗೆ ಏನೂ ಇಲ್ಲ. ಮೂರನೆಯ ವರ್ಷದಲ್ಲಿ ಬೀಗದ ಕೈ ಕೊಟ್ಟಾಗ 20 ಲಕ್ಷವೂ ಒಟ್ಟಿಗೆ. ಅಲ್ಲಿಯವರೆಗೆ ಗಿರಾಕಿಯು ಕೊಟ್ಟ ಹಣವು ಆದಾಯವಲ್ಲ, ಮುಂಗಡ. ಅಢಾವೆ ಪತ್ರಿಕೆಯಲ್ಲಿ ಅದು ಜವಾಬ್ದಾರಿಗಳ ಕಡೆಗೆ ನಿಲ್ಲುತ್ತದೆ.

ಎರಡನೆಯ ವರ್ಷ ಮುಗಿದೊಡನೆ ಪ್ರಮಾಣವು ಬದಲಾಯಿತೆನ್ನೋಣ. ಆ ವೇಳೆಗೆ 14 ಲಕ್ಷ ಲಾಭವು ಪ್ರಕಟವಾಗಿದೆ. ಕಂಪೆನಿಗಳು ಸಾಮಾನ್ಯವಾಗಿ ಆರಿಸಿಕೊಂಡ ಮಾರ್ಗದಲ್ಲಿ ಹಿಂದಿನ ವರ್ಷಗಳ ತಃಖ್ತೆಗಳನ್ನು ತಿದ್ದುವುದಿಲ್ಲ. ಆ 14 ಲಕ್ಷವನ್ನು ಶೇಖರಿಸಿದ ಲಾಭದಿಂದ ನೇರವಾಗಿ ಕಳೆಯುತ್ತಾರೆ. ಈ ಕಳೆತವು ಯಾವ ವರ್ಷದ ಲಾಭನಷ್ಟದ ತಃಖ್ತೆಯಲ್ಲಿಯೂ ನಷ್ಟವಾಗಿ ಕಾಣುವುದಿಲ್ಲ. ಮೂರನೆಯ ವರ್ಷದಲ್ಲಿ 20 ಲಕ್ಷ ಲಾಭ ಬರುತ್ತದೆ. ಮೂರು ವರ್ಷಗಳ ತಃಖ್ತೆಗಳನ್ನು ಮಾತ್ರ ಕೂಡಿದವನಿಗೆ 20 ಲಕ್ಷಕ್ಕೆ ಬದಲಾಗಿ 34 ಲಕ್ಷ ಸಿಕ್ಕುತ್ತದೆ! ಇದರಲ್ಲಿ ವಂಚನೆಯೇನೂ ಇಲ್ಲ. ಎಲ್ಲವನ್ನೂ ಟಿಪ್ಪಣಿಯಲ್ಲಿ ಹೇಳಿರುತ್ತಾರೆ. ಆದರೆ ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಕುಳಿತು, ನಿವೃತ್ತಿಯ ಹಣದಲ್ಲಿ ಹತ್ತಾರು ಷೇರುಗಳನ್ನು ಕೊಂಡ ಮೇಷ್ಟರೊಬ್ಬರು ಆ ಟಿಪ್ಪಣಿಯನ್ನು ಓದುವರೆ? ಗ್ರಂಥಸಂಪಾದಕನು ಯಾವ ಪ್ರತಿಯನ್ನು ಮೂಲವಾಗಿಟ್ಟುಕೊಂಡನೆಂಬುದನ್ನು ನೋಡದೆ ಪಾಠಾಂತರಗಳನ್ನು ಹೋಲಿಸುವುದಕ್ಕೆ ನಾವು ಒಪ್ಪುವುದಿಲ್ಲ. ಲೆಕ್ಕಪದ್ಧತಿಯ ಟಿಪ್ಪಣಿಯೂ ಅಂತಹ ಪೀಠಿಕೆಯೇ.

ಪ್ರಶ್ನೆಯು ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎರಡನೆಯ ಅಧಿಕರಣದಲ್ಲಿ, ‘ಸಿದ್ಧ’, ‘ಶೇಷ’ ಎಂಬ ವಿಭಾಗಗಳು ಬರುತ್ತವೆ. ಕೋಶಕ್ಕೆ ಒಪ್ಪಿಸಿದುದು ಸಿದ್ಧದಲ್ಲಿ ಸೇರುತ್ತದೆ. ಇನ್ನೂ ವಸೂಲಾಗಬೇಕಾದುದು ಶೇಷದಲ್ಲಿ. ಆಯದಿಂದ ವ್ಯಯವನ್ನು ಕಳೆದು ಉಳಿದುದು ‘ನೀವೀ’. ಅದರಲ್ಲಿ ಕೈಗೆ ಬಂದುದು, ಮುಂದಕ್ಕೆ ಸಾಗಿ ಬಂದುದು ಎಂದು ಎರಡು ಬಗೆ. ಅಲ್ಲಿ ಸಿದ್ಧಿಗೆ ಮುಖ್ಯವಾದ ಗುರುತು ಕೋಶ. ಇಂದಿನ ಪ್ರಮಾಣದಲ್ಲಿಯಾದರೋ ಹಣವು ಪೆಟ್ಟಿಗೆಗೆ ಬಿದ್ದರೂ ಆದಾಯವು ಸಿದ್ಧವಾಗಲಿಲ್ಲ. ಕೊಟ್ಟವನಿಗೆ ಮನೆ ಸಿಕ್ಕಬೇಕು. ಈ ವ್ಯತ್ಯಾಸವನ್ನು ಗಮನಿಸದೆ, ಎಲ್ಲವೂ ಕೌಟಿಲ್ಯನಲ್ಲಿಯೇ ಇದೆಯೆನ್ನುವವರ ಉತ್ಸಾಹದಲ್ಲಿ ನಾನು ಪಾಲುಗೊಳ್ಳಲಾರೆ.

ಪರಿಭಾಷೆಯ ಮಾತು ಉಳಿದಿದೆ. ಆದಾಯವನ್ನು ಪುಸ್ತಕಕ್ಕೆ ತರುವ ಕ್ರಿಯೆಗೆ ‘ಅಂಗೀಕಾರ’, ‘ಮಾನ್ಯತೆ’ ಎಂಬ ಶಬ್ದಗಳನ್ನು ಬಳಸುವವರುಂಟು. ಯಾರೋ ಒಪ್ಪಿಗೆ ಕೊಟ್ಟರೆಂಬ ಭಾವನೆ ಅವುಗಳಿಂದ ಬರುತ್ತದೆ. ಅಂಗಡಿಯವರ ‘ಲೆಕ್ಕಕ್ಕೆ ಹಿಡಿಯುವುದು’ ಎಂಬ ಮಾತು ಇದಕ್ಕಿಂತ ಮೇಲು. ಸಹಕಾರ ಸಂಘಗಳು ಮಹಾಸಭೆಗೆ ಹಂಚುವ ಕನ್ನಡ ವರದಿಗಳಲ್ಲಿ ಜಮಾ, ಖರ್ಚು, ಅಢಾವೆ, ತಃಖ್ತೆ ಎಂಬ ಮಾತುಗಳು ಇಂದಿಗೂ ಜೀವಂತವಾಗಿವೆ. ಪಠ್ಯಪುಸ್ತಕಗಳನ್ನು ಬರೆಯುವವರು ನಿಘಂಟಿಗೆ ಮೊದಲು ಅವುಗಳನ್ನು ತೆರೆದು ನೋಡಬಹುದು.

ಷೇರುಪೇಟೆಗೆ ಬಾರದ, ನಿವ್ವಳ ಸಂಪತ್ತು 250 ಕೋಟಿಯನ್ನು ಮುಟ್ಟದ, ದೊಡ್ಡ ಕಂಪೆನಿಗಳ ಅಂಗವೂ ಅಲ್ಲದ ಕಂಪೆನಿಗಳಿಗೆ ಹಳೆಯ ಪ್ರಮಾಣಗಳೇ ಅನ್ವಯಿಸುತ್ತವೆ. ಆದುದರಿಂದ ಮೈಸೂರು ರಸ್ತೆಯ ಇಕ್ಕೆಲಗಳಲ್ಲಿ ಒಂದೇ ಎತ್ತರಕ್ಕೆ ಎದ್ದಿರುವ ಎರಡು ಅರೆಕಟ್ಟಡಗಳಲ್ಲಿ ಒಂದು ಈ ವರ್ಷವೇ ಲಾಭವನ್ನು ತೋರಿಸಬಹುದು. ಇನ್ನೊಂದು, ಬೀಗದ ಕೈ ಕೊಡುವವರೆಗೆ, ಮುಂಗಡವನ್ನು ಮಾತ್ರ.