ತಟ್ಟೆಗೆ ಬರುವ ಕೋಳಿಯ ಅರವತ್ತು ದಿನ

ಭಾನುವಾರ ಬೆಳಿಗ್ಗೆ ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಕೋಳಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ‘ಎಳೇದು ಕೊಡಪ್ಪ, ಬೇಗ ಬೇಯಬೇಕು’ ಎನ್ನುವವರೊಬ್ಬರು. ‘ಫಾರಂ ಕೋಳಿ ಅಂದ್ರೆ ಇಂಜೆಕ್ಷನ್ ಕೊಟ್ಟು ಊದಿಸಿದ್ದು’ ಎಂದು ಮೂಗು ಮುರಿಯುವವರು ಇನ್ನೊಬ್ಬರು. ಕೊನೆಗೆ ಇಬ್ಬರೂ ಒಂದೊಂದು ಕೆ.ಜಿ. ಕಟ್ಟಿಸಿಕೊಂಡು ಹೋಗುತ್ತಾರೆ. ಬದನೆಕಾಯಿ ಕೊಳ್ಳುವಾಗ ತಿರುಗಿಸಿ ತಿರುಗಿಸಿ ಹುಳುಕು ಹುಡುಕುವ ನಾವು, ಕೋಳಿಯ ವಿಷಯದಲ್ಲಿ ಮಾತ್ರ ತಕ್ಕಡಿಯನ್ನಷ್ಟೇ ನೋಡುತ್ತೇವೆ. ಅದು ಎಲ್ಲಿ ಹುಟ್ಟಿತು, ಯಾವ ಔಷಧಿ ಕುಡಿಯಿತು ಎಂದು ಕೇಳುವುದಿಲ್ಲ.

ನಿಮ್ಮ ತಟ್ಟೆಯ ಕೋಳಿಯ ಹಿಂದೆ ಸುಮಾರು ಅರವತ್ತು ದಿನಗಳ ಲೆಕ್ಕವಿದೆ. ಮರಿ ಮಾಡುವ ಹ್ಯಾಚರಿಯಲ್ಲಿ 21 ದಿನ, ಸಾಕುವ ಶೆಡ್ಡಿನಲ್ಲಿ 35ರಿಂದ 42 ದಿನ. ಈ ಎರಡು ತಿಂಗಳಲ್ಲಿ ನಡೆಯುವುದಕ್ಕೂ ನಿಮ್ಮ ಮನೆಯವರ ಆರೋಗ್ಯಕ್ಕೂ ನೇರ ಸಂಬಂಧವಿದೆ.

ಕಾವಿನ ಮನೆಯಲ್ಲಿ

ಹಿಂದೆ ಅಜ್ಜಿಯರು ಮಂಕರಿಯಲ್ಲಿ ಹುಲ್ಲು ಹಾಸಿ, ಹತ್ತೋ ಹನ್ನೆರಡೋ ಮೊಟ್ಟೆ ಇಟ್ಟು ಹೇಂಟೆಯನ್ನು ಕಾವಿಗೆ ಕೂರಿಸುತ್ತಿದ್ದರು. ಇಪ್ಪತ್ತೊಂದನೇ ದಿನಕ್ಕೆ ಚಿಲಿಪಿಲಿ. ಹ್ಯಾಚರಿಯಲ್ಲೂ ಅದೇ 21 ದಿನ. ಆದರೆ ಹೇಂಟೆಯ ಜಾಗದಲ್ಲಿ ಯಂತ್ರ, ಹನ್ನೆರಡರ ಜಾಗದಲ್ಲಿ ಸಾವಿರಾರು ಮೊಟ್ಟೆ. ಮೊದಲ 18 ದಿನ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ಅದಕ್ಕೆ ತಕ್ಕ ತೇವ. ಹೇಂಟೆ ಕೊಕ್ಕಿನಿಂದ ಮೊಟ್ಟೆ ಹೊರಳಿಸುವಂತೆ ಇಲ್ಲಿ ತಟ್ಟೆಗಳೇ ಆಗಾಗ ಓರೆಯಾಗುತ್ತವೆ. ಬಳಿಕ ಮೊಟ್ಟೆಗಳನ್ನು ಬೇರೆ ಪೆಟ್ಟಿಗೆಗೆ ಸಾಗಿಸುತ್ತಾರೆ. ಮರಿ ಒಡೆದು ಬರುವುದು ಅಲ್ಲಿ.

ಆರೋಗ್ಯದ ಮೊದಲ ಮೆಟ್ಟಿಲು ಇದೇ. ತಾಯಿಕೋಳಿಗೆ ಸಾಲ್ಮೊನೆಲ್ಲಾ ಸೋಂಕಿದ್ದರೆ ಅದು ಮೊಟ್ಟೆಯ ಮೂಲಕವೇ ಮರಿಗೆ ದಾಟಬಲ್ಲದು. ಕೊಳೆತ ಒಂದು ಮೊಟ್ಟೆ ಒಳಗೇ ಒಡೆದರೂ ಸಾಕು, ಗಾಳಿಯಲ್ಲಿ ತೇಲುವ ಮರಿಗಳ ನಯವಾದ ತುಪ್ಪಳದ ಜತೆ ರೋಗಾಣು ಇಡೀ ಪೆಟ್ಟಿಗೆಗೆ ಹರಡುತ್ತದೆ. ಹೊಕ್ಕುಳ ಆರದೆ ಮೊದಲ ವಾರದಲ್ಲೇ ಮರಿಗಳು ಸಾಯುವುದಕ್ಕೆ ಇಂಥ ಸೋಂಕೇ ಮುಖ್ಯ ಕಾರಣ. ಶುಚಿಯಿಲ್ಲದ ಹ್ಯಾಚರಿಯ ಮರಿ ಕೊಂಡ ರೈತ ಮೊದಲ ದಿನದಿಂದಲೇ ಔಷಧಿ ಬಾಟಲಿಗೆ ಕೈ ಹಾಕಬೇಕಾಗುತ್ತದೆ.

ಹ್ಯಾಚರಿಯಲ್ಲಿ ದುಡಿಯುವವರಿಗೂ ಒಂದು ಮಾತು. ಕೊಠಡಿ ಶುದ್ಧಿಗೆ ಫಾರ್ಮಾಲಿನ್ ಹೊಗೆ ಹಾಕುವ ರೂಢಿಯಿದೆ. ಆ ಹೊಗೆಯಲ್ಲಿರುವ ಫಾರ್ಮಾಲ್ಡಿಹೈಡ್ ಕಣ್ಣು, ಗಂಟಲು ಉರಿಸುವುದಷ್ಟೇ ಅಲ್ಲ, ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಹೊಗೆ ಪೂರ್ತಿ ಹೊರಹೋಗುವವರೆಗೆ ಒಳಗೆ ಕಾಲಿಡಬೇಡಿ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಈ ಅನಿಲ ತಡೆಯುವುದಿಲ್ಲ.

ಲೆಕ್ಕ ಏಕೆ ಬೇಕು?

ಹ್ಯಾಚರಿಗೆ ಒಂದು ವಿಚಿತ್ರ ಗುಣವಿದೆ. ಇಂದು ಇಟ್ಟ ಮೊಟ್ಟೆ 21 ದಿನಕ್ಕೆ ಮರಿಯಾಗಿಯೇ ತೀರುತ್ತದೆ. ಆ ಹೊತ್ತಿಗೆ ಮಾರುಕಟ್ಟೆ ಬಿದ್ದಿದ್ದರೂ ‘ಸ್ವಲ್ಪ ತಡಿ’ ಎನ್ನುವಂತಿಲ್ಲ. 2020ರ ಆರಂಭದಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿದಾಗ ಆದದ್ದು ಇದೇ. ಕೊಳ್ಳುವವರಿಲ್ಲ, ಮರಿ ಬರುವುದು ನಿಲ್ಲಲಿಲ್ಲ. ರಾಜ್ಯದ ಕೆಲವೆಡೆ ಬೆಳೆದ ಕೋಳಿಗಳನ್ನೇ ಗುಂಡಿ ತೋಡಿ ಹೂತರು. ಅದೇ ಮಾರ್ಚಿಯಲ್ಲಿ ಚಿತ್ರದುರ್ಗದ ಮಗ್ಗುಲಿನ ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಇಂಥ ಕಡೆ ಒಂದು ಕಿ.ಮೀ. ಸುತ್ತಳತೆಯ ಕೋಳಿಗಳನ್ನು ಕೊಲ್ಲಿಸಿ, ಹತ್ತು ಕಿ.ಮೀ.ವರೆಗೆ ಕಣ್ಗಾವಲು ಇಡುವುದು ನಿಯಮ. ಆಗ ಅಧಿಕಾರಿಗಳಿಗೆ ತುರ್ತಾಗಿ ಬೇಕಾಗುವುದು ಒಂದೇ ಉತ್ತರ: ಇಲ್ಲಿಂದ ಮರಿ, ಕೋಳಿ, ಗೊಬ್ಬರ ಯಾವ ಯಾವ ಊರಿಗೆ ಹೋಗಿವೆ?

ಅಮೆರಿಕದ ಕೃಷಿ ಇಲಾಖೆ ಎಷ್ಟು ಮೊಟ್ಟೆ ಕಾವಿಗಿಟ್ಟರು, ಎಷ್ಟು ಮರಿ ಸಾಕಲು ಬಿಟ್ಟರು ಎಂದು ವಾರವಾರವೂ ಪ್ರಕಟಿಸುತ್ತದೆ. ನಮ್ಮಲ್ಲಿ ಜಾನುವಾರು ಗಣತಿ ಐದು ವರ್ಷಕ್ಕೊಮ್ಮೆ ನಡೆಯಬೇಕಾದದ್ದು. 2019ರ ಇಪ್ಪತ್ತನೇ ಗಣತಿಯಲ್ಲಿ ದೇಶದ ಕೋಳಿ ಮೊದಲಾದ ಸಾಕುಹಕ್ಕಿಗಳ ಸಂಖ್ಯೆ 85 ಕೋಟಿ ದಾಟಿತ್ತು. ಆದರೆ ವರ್ಷಕ್ಕೆ ಐದಾರು ಸಲ ತುಂಬಿ ಬರಿದಾಗುವ ಶೆಡ್ಡಿನಲ್ಲಿ ಗಣತಿದಾರರಿಗೆ ಸಿಗುವುದು ಒಂದೇ ತಂಡ. ಮರಿಗಳ ಲೆಕ್ಕ ವಾರವಾರವೂ ಇದ್ದರೆ ಎಷ್ಟು ಲಸಿಕೆ ಬೇಕೆಂಬುದು ಮುಂಚೆಯೇ ತಿಳಿಯುತ್ತದೆ. ಮರಿ ಹೆಚ್ಚಾಗಿ ಶೆಡ್ಡುಗಳು ಕಿಕ್ಕಿರಿಯುವುದನ್ನೂ ತಡೆಯಬಹುದು. ಕಿಕ್ಕಿರಿದ ಕಡೆ ರೋಗ ಹೆಚ್ಚು, ರೋಗವಿದ್ದ ಕಡೆ ಔಷಧಿ ಹೆಚ್ಚು.

ಶೆಡ್ಡಿನಲ್ಲಿ ನಲವತ್ತು ದಿನ

ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಹೊಲಗಳ ಮೆಕ್ಕೆಜೋಳ ಕೋಳಿ ಆಹಾರದ ಮುಖ್ಯ ಕಾಳು. ಅದಕ್ಕೆ ಸೋಯಾ ಹಿಂಡಿ ಸೇರಿಸಿ ತಿನ್ನಿಸಿದರೆ ಆರು ವಾರದೊಳಗೆ ಕೋಳಿ ಎರಡು ಕೆ.ಜಿ. ತೂಗುತ್ತದೆ. ಇದು ಹಾರ್ಮೋನಿನ ಮಹಿಮೆಯಲ್ಲ. ತಲೆಮಾರುಗಳಿಂದ ಬೇಗ ಬೆಳೆಯುವ ತಳಿಗಳನ್ನೇ ಆಯ್ದು ಕೂಡಿಸಿದ್ದರ ಫಲ. ಜನ ಹೇಳುವ ‘ಇಂಜೆಕ್ಷನ್’ ಬಹುಮಟ್ಟಿಗೆ ಲಸಿಕೆಯೇ. ಕೊಕ್ಕರೆ ರೋಗ ಮತ್ತು ಗುಂಬೊರೊ ರೋಗಕ್ಕೆ ಕಣ್ಣಿಗೆ ಹನಿ ಬಿಟ್ಟೋ ನೀರಿನಲ್ಲಿ ಬೆರೆಸಿಯೋ ಲಸಿಕೆ ಕೊಡುತ್ತಾರೆ. ಅದರಿಂದ ನಿಮಗೆ ಹಾನಿಯಿಲ್ಲ.

ನಿಜವಾಗಿ ಹೆದರಬೇಕಾದದ್ದು ಆಂಟಿಬಯಾಟಿಕ್‌ಗಳಿಗೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ಆ ನಗರದ ಸುತ್ತಮುತ್ತಲಿನ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಇವುಗಳ ಅಂಶ ಸಿಕ್ಕಿತು. ರೋಗವಿಲ್ಲದಿದ್ದರೂ ತೂಕ ಬರಲೆಂದು ಸ್ವಲ್ಪ ಸ್ವಲ್ಪವೇ ಕೊಟ್ಟಾಗ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಪಳಗುತ್ತವೆ. ಅವು ಮಾಂಸ, ಗೊಬ್ಬರ, ಕೆಲಸದವರ ಕೈಗಳ ಮೂಲಕ ಮನುಷ್ಯರಿಗೆ ದಾಟುತ್ತವೆ. ನಾಳೆ ನಿಮ್ಮ ಮಗುವಿಗೆ ಸೋಂಕು ಬಂದಾಗ ವೈದ್ಯರು ಕೊಟ್ಟ ಔಷಧಿ ಹಿಡಿಯದಿದ್ದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು. ಆಸ್ಪತ್ರೆಗಳಲ್ಲಿ ಕಟ್ಟಕಡೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಔಷಧಿಯನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಇದಕ್ಕಾಗಿಯೇ.

ಸಾಕಣೆದಾರರೇ, 2012ರ ನಿಯಮವೊಂದನ್ನು ನೆನಪಿಡಿ. ಔಷಧಿಯ ಚೀಟಿಯ ಮೇಲೆ ಎಷ್ಟು ದಿನ ಬಿಟ್ಟು ಕೋಳಿ ಮಾರಬೇಕೆಂದು ಬರೆದಿರಬೇಕು. ಆ ಅವಧಿ ಪ್ರತ್ಯೇಕವಾಗಿ ಖಚಿತಪಟ್ಟಿಲ್ಲದ ಔಷಧಿಗೆ ಮಾಂಸದ ವಿಷಯದಲ್ಲಿ ಕನಿಷ್ಠ 28 ದಿನ. ನಲವತ್ತನೇ ದಿನ ಮಾರುವ ಕೋಳಿಗೆ ಲೆಕ್ಕ ಹಾಕಿ: ಹನ್ನೆರಡನೇ ದಿನದ ನಂತರ ಅಂಥ ಔಷಧಿ ಕೊಡುವಂತಿಲ್ಲ. ಮರಿ ಬಂದ ದಿನ, ಹ್ಯಾಚರಿಯ ಹೆಸರು, ಲಸಿಕೆ, ಔಷಧಿ, ಸತ್ತ ಮರಿಗಳ ಸಂಖ್ಯೆ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಹಳ್ಳಕ್ಕೆ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಿ.

ನಿಮ್ಮ ಅಡುಗೆಮನೆಯಲ್ಲಿ

ಕೊಳ್ಳುವವರು ಪಾಲಿಸಬೇಕಾದ ಸರಳ ಸೂತ್ರಗಳು ಇವು:

* ಮಂಕಾಗಿ ತೂಕಡಿಸುವ, ಮೂಗು ಸೋರುವ ಕೋಳಿ ಬೇಡ. ಕತ್ತಿ, ಕೊರಡು ತೊಳೆದಿರುವ ಅಂಗಡಿಯನ್ನೇ ಆರಿಸಿ.

* ಹಸಿ ಮಾಂಸವನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆಯಬೇಡಿ. ಸಿಡಿಯುವ ಹನಿಗಳ ಜತೆ ರೋಗಾಣುಗಳು ಸುತ್ತಲಿನ ಪಾತ್ರೆಗಳಿಗೆ ಹಾರುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ.

* ಕೋಳಿ ಕೊಯ್ದ ಚಾಕುವಿನಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಕೈಗಳನ್ನು ಸೋಪಿನಿಂದ ತೊಳೆಯಿರಿ.

* ಫ್ರಿಜ್ಜಿನಲ್ಲಿ ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿಡಿ.

* ಮಾಂಸದ ಒಳಭಾಗವೂ 70 ಡಿಗ್ರಿ ಮೀರಿ ಬಿಸಿಯಾಗಬೇಕು. ಹಕ್ಕಿಜ್ವರದ ವೈರಸ್ಸೂ ಆ ಶಾಖದಲ್ಲಿ ಸಾಯುತ್ತದೆ. ನಮ್ಮ ಮನೆಗಳಲ್ಲಿ ಕೊತಕೊತ ಕುದಿಯುವ ಸಾರಿಗೆ ಈ ಚಿಂತೆಯಿಲ್ಲ. ಮೇಲೆ ಕರಿದು ಒಳಗೆ ಹಸಿಯಾಗಿರುವ ತುಂಡುಗಳ ಬಗ್ಗೆ ಎಚ್ಚರವಿರಲಿ.

ಕುದಿಸಿದರೆ ರೋಗಾಣು ಸಾಯುತ್ತದೆ ನಿಜ. ಔಷಧಿಯ ಅಂಶ ಪೂರ್ತಿ ಹೋಗುತ್ತದೆಂದು ನಂಬಿ ಕೂರುವಂತಿಲ್ಲ. ಅದನ್ನು ಹ್ಯಾಚರಿಯಲ್ಲಿ, ಶೆಡ್ಡಿನಲ್ಲಿಯೇ ತಡೆಯಬೇಕು. ನಾಟಿ ಕೋಳಿಯೆಂದ ಮಾತ್ರಕ್ಕೆ ಈ ಎಚ್ಚರಿಕೆಗಳನ್ನು ಬಿಡುವಂತೆಯೂ ಇಲ್ಲ. ಸಾಲ್ಮೊನೆಲ್ಲಾಕ್ಕೆ ನಾಟಿ, ಫಾರಂ ಎಂಬ ಭೇದವಿಲ್ಲ.

ಮುಂದಿನ ಭಾನುವಾರ ಅಂಗಡಿಯವರನ್ನು ‘ಇದು ಯಾವ ಫಾರಂ ಕೋಳಿ, ಎಷ್ಟು ದಿನದ್ದು?’ ಎಂದು ಕೇಳಿ. ಮೊದಲ ದಿನ ಅವರು ನಗಬಹುದು. ಹತ್ತು ಜನ ಕೇಳಿದರೆ ಅವರು ಫಾರಂನವರನ್ನು ಕೇಳುತ್ತಾರೆ, ಫಾರಂನವರು ಹ್ಯಾಚರಿಯನ್ನು ಕೇಳುತ್ತಾರೆ. ಪ್ರಶ್ನೆ ಅಲ್ಲಿಯವರೆಗೆ ಹೋದರೆ ಉತ್ತರ ನಿಮ್ಮ ತಟ್ಟೆಯವರೆಗೂ ಬಂದೇ ಬರುತ್ತದೆ.