ಸಲಾಯಿನ್ ಬಾಟಲಿಗೆ ಬಗ್ಗದ ಸುಸ್ತು

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ದ್ರಾಕ್ಷಿಯದೇ ಸುಗ್ಗಿ. ಒಣದ್ರಾಕ್ಷಿಗೆಂದು ಹಣ್ಣು ಕೊಯ್ಯಬೇಕು, ಅದ್ದಬೇಕು, ಶೆಡ್ಡಿನ ಬಲೆಗಳ ಮೇಲೆ ಹರವಬೇಕು, ಒಣಗಿದ ಮೇಲೆ ಆರಿಸಬೇಕು. ಸಂಜೆ ಟಂಟಂ ಇಳಿದವರಲ್ಲಿ ಕೆಲವರು ಮನೆ ದಾರಿ ಹಿಡಿಯುವ ಮೊದಲು ದವಾಖಾನೆಯ ಬೆಂಚಿನ ಮೇಲೆ ಕೂರುತ್ತಾರೆ. ‘ಮೈಯಾಗ ಕಸುವ ಇಲ್ರೀ ಸಾಹೇಬ್ರ, ಒಂದು ಸಲಾಯಿನ್ ಹಚ್ರಿ.’ ರೋಗ ಯಾವುದು ಎಂದು ಕೇಳಿದರೆ ಬರುವ ಉತ್ತರವೂ ಸಿದ್ಧ: ನರದ ವೀಕ್‌ನೆಸ್.

ಆ ಬಾಟಲಿಯಲ್ಲಿ ಏನಿರುತ್ತದೆ? ಅರ್ಧ ಲೀಟರ್ ನಾರ್ಮಲ್ ಸಲಾಯಿನ್ ಎಂದರೆ ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಶೇ 5ರ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿ ಕೊಡುವಷ್ಟು ಶಕ್ತಿಯೂ ಅದರಲ್ಲಿಲ್ಲ. ವಾಂತಿ ಭೇದಿಯಾಗಿ ನೀರು ಬತ್ತಿದವರಿಗೆ, ಬಿಸಿಲು ಬಡಿದು ಬಿದ್ದವರಿಗೆ ಸಲಾಯಿನ್ ಜೀವ ಉಳಿಸುವ ವಸ್ತು, ಅನುಮಾನವಿಲ್ಲ. ಆದರೆ ತಿಂಗಳುಗಟ್ಟಲೆ ಕಾಡುವ ಸುಸ್ತಿಗೆ ಅದರಲ್ಲಿ ಔಷಧವಿಲ್ಲ. ಬಿಪಿ ಇದ್ದವರಿಗೆ ಉಪ್ಪು, ಶುಗರ್ ಇದ್ದವರಿಗೆ ಸಕ್ಕರೆ ಕೊಟ್ಟಂತಾಗುವುದು ಬೇರೆ. ಆದರೂ ಹಚ್ಚಿಸಿಕೊಂಡವರು ಹಗುರಾದೆ ಎನ್ನುವುದು ಸುಳ್ಳಲ್ಲ. ಬಾಟಲಿ ಇಳಿಯುವ ಒಂದು ತಾಸು ಯಾರೂ ಎಬ್ಬಿಸದೆ ಮಲಗಲು ಸಿಗುತ್ತದಲ್ಲ, ಅರ್ಧ ಗುಣ ಅದರದೇ ಎಂಬುದು ನನ್ನ ಗುಮಾನಿ.

ನನ್ನ ತಕರಾರು ಬಾಟಲಿಯ ಮೇಲಲ್ಲ, ಅದು ತನಿಖೆಯನ್ನು ಮುಂದೂಡುವುದರ ಮೇಲೆ. ಸುಸ್ತು ಎಂಬುದು ಒಂದು ರೋಗವಲ್ಲ, ಹತ್ತಾರು ರೋಗಗಳು ಹಾಕಿಕೊಳ್ಳುವ ಒಂದೇ ಅಂಗಿ. ಅವುಗಳಲ್ಲಿ ಬಹಳಷ್ಟು ಅಗ್ಗದ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಮೊದಲನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ಅದಿದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಳಿದ ಹೆಣ್ಣುಮಗಳು ಶೆಡ್ಡಿನಲ್ಲಿ ದಿನವಿಡೀ ನಿಂತು ಮನೆಗೆ ಬಂದು ರೊಟ್ಟಿ ಬಡಿಯಬೇಕಾದರೆ ಕೈಕಾಲು ಸೋಲದೆ ಇನ್ನೇನಾದೀತು? ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಅದರ ಬಹುಪಾಲು ಮೈಗೆ ಹತ್ತುವುದಿಲ್ಲ. ಇಂಡಿ ಸೀಮೆಯ ಲಿಂಬೆಯ ರಸ ಹಿಂಡಿದ ನೀರಿನ ಜೊತೆ ಹತ್ತುತ್ತದೆ. ಊರ ತುಂಬ ಒಣದ್ರಾಕ್ಷಿ ಇರುವಾಗ ರಕ್ತಕ್ಕೆ ಗುಳಿಗೆ ಏಕೆ ಎನ್ನುವವರಿದ್ದಾರೆ. ತಿನ್ನಲಿ, ಒಳ್ಳೆಯದೇ, ಆದರೆ ಕಡಿಮೆಯಾದ ಹಿಮೋಗ್ಲೋಬಿನ್ ಒಂದು ಮುಷ್ಟಿ ಮಣೂಕದಿಂದ ಏರುವುದಿಲ್ಲ.

ಎರಡನೆಯದು ಬಿ-12. ಹಾಲು ಮೊಸರೂ ಕಡಿಮೆಯಾದ ಶಾಕಾಹಾರಿ ಮನೆಗಳಲ್ಲಿ, ಶುಗರಿಗೆಂದು ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದರ ಕೊರತೆ ಕಾಣುತ್ತದೆ. ಪಾದದಲ್ಲಿ ಜೋಮು, ಉರಿ, ಕತ್ತಲಲ್ಲಿ ನಡೆಯುವಾಗ ಓಲಾಟ, ಮರೆವು, ಜೊತೆಗೆ ಸುಸ್ತು. ಇಲ್ಲಿ ನರದ ವೀಕ್‌ನೆಸ್ ಎಂಬ ಜನರ ರೋಗನಿದಾನ ನಿಜವಾಗಿಯೂ ಸರಿ, ಆ ಕೆಂಪು ಇಂಜೆಕ್ಷನ್ನೂ ನಿಜವಾದ ಮದ್ದು. ತಡಮಾಡಿದರೆ ನರಕ್ಕಾದ ಹಾನಿ ಪೂರ್ತಿ ವಾಪಸಾಗದಿರಬಹುದು. ಆದರೆ ಪರೀಕ್ಷೆಗೆ ಮೊದಲೇ ಇಂಜೆಕ್ಷನ್ ಚುಚ್ಚಿಸಿಕೊಂಡರೆ ರಕ್ತದಲ್ಲಿ ಬಿ-12 ಏರಿ ಕೂತಿರುತ್ತದೆ, ಕೊರತೆ ಇತ್ತೋ ಇಲ್ಲವೋ ಪತ್ತೆ ಹತ್ತುವುದಿಲ್ಲ. ಥೈರಾಯ್ಡ್, ಸಕ್ಕರೆ, ಮೂತ್ರಪಿಂಡ, ಸಂಜೆ ಜ್ವರ ಮತ್ತು ಇಳಿವ ತೂಕದೊಂದಿಗೆ ಬರುವ ಕ್ಷಯ, ರಾತ್ರಿ ಗೊರಕೆಯಲ್ಲಿ ಉಸಿರು ಕಟ್ಟುವ ನಿದ್ರೆ, ನುಂಗುತ್ತಿರುವ ಬಿಪಿ ಅಥವಾ ಫಿಟ್ಸ್ ಗುಳಿಗೆಗಳು, ಮನಸ್ಸಿನ ಖಿನ್ನತೆ, ಇವೆಲ್ಲ ಅದೇ ಸಾಲಿನವು. ವಿಜಯಪುರ ನಗರದಲ್ಲಿ ಜಿಲ್ಲಾಸ್ಪತ್ರೆ ಇದೆ, ಬಿಎಲ್‌ಡಿಇ ಸಂಸ್ಥೆಯದೂ ಅಲ್-ಅಮೀನ್‌ದೂ ಸೇರಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಈ ಮೊದಲ ಸುತ್ತಿನ ಪರೀಕ್ಷೆಗೆ ಮಿರಜ, ಸೊಲ್ಲಾಪುರ ಸುತ್ತಬೇಕಿಲ್ಲ.

ದ್ರಾಕ್ಷಿ ಸೀಮೆಯಲ್ಲಿ ವೈದ್ಯರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಎಣ್ಣಿ ಹೊಡೆಯುವ ಕೆಲಸವೇ? ತೋಟಕ್ಕೆ ಸಿಂಪಡಿಸುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಗುಂಪಿನವು ನೇರವಾಗಿ ನರ ಮತ್ತು ಸ್ನಾಯು ಸೇರುವ ಜಾಗಕ್ಕೇ ಕೈಹಾಕುತ್ತವೆ. ನರವು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಚೆಲ್ಲಿ ಸ್ನಾಯುವಿಗೆ ಆಜ್ಞೆ ಕೊಡುತ್ತದೆ. ಕೆಲಸವಾದೊಡನೆ ಒಂದು ಕಿಣ್ವ ಅದನ್ನು ಒರೆಸಿಹಾಕುತ್ತದೆ. ವಿಷ ಆ ಕಿಣ್ವವನ್ನು ಕಟ್ಟಿಹಾಕಿದರೆ ಆಜ್ಞೆ ನಿಲ್ಲದೆ ಬಾರಿಸುತ್ತಲೇ ಇರುತ್ತದೆ. ಜೊಲ್ಲು, ಬೆವರು, ಹೊಟ್ಟೆ ಕಿವುಚುವಿಕೆ, ಸ್ನಾಯು ಅದುರುವಿಕೆ, ಆಮೇಲೆ ನಿತ್ರಾಣ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಚಿಗುರುಗಣ್ಣು ಒಡೆಯಲೆಂದು ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್‌ನದು ಬೇರೆ ಕಥೆ. ಅದು ಮೈ ಸೇರಿದವನು ಸಂಜೆ ಒಂದು ಗ್ಲಾಸು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದು, ತಲೆ ಸಿಡಿದು ಕುಸಿಯುತ್ತಾನೆ. ಮದ್ಯದ ವಿಷವನ್ನು ಮುರಿಯುವ ಯಕೃತ್ತಿನ ಕಿಣ್ವವನ್ನು ಅದು ತಡೆಯುತ್ತದೆ. ಟವೆಲು ಸುತ್ತಿಕೊಂಡು, ಬರಿಗೈಯಲ್ಲಿ ಹಚ್ಚುವ ಕೂಲಿಗೆ ಇದನ್ನು ಮೊದಲೇ ಹೇಳುವವರು ಎಷ್ಟು ಮಂದಿ?

ವಿಚಿತ್ರವೆಂದರೆ ಅಸಿಟೈಲ್‌ಕೋಲಿನ್ ಒರೆಸುವ ಆ ಮೊದಲ ಕಿಣ್ವವನ್ನು ಹದವಾಗಿ ತಡೆಯುವುದೇ ಇನ್ನೊಂದು ಕಾಯಿಲೆಗೆ ಔಷಧ. ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ದೇಹ ತನ್ನದೇ ಸ್ನಾಯುವಿನ ಗ್ರಾಹಕಗಳ ಮೇಲೆ ದಾಳಿ ಮಾಡುತ್ತದೆ, ನರದ ಆಜ್ಞೆ ಪೂರ್ತಿ ತಲುಪುವುದಿಲ್ಲ. ಬೆಳಗ್ಗೆ ಚೆನ್ನಾಗಿರುವವರಿಗೆ ಸಂಜೆ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ರೊಟ್ಟಿ ಅಗಿಯುತ್ತ ದವಡೆ ಸೋಲುತ್ತದೆ, ಮಾತು ಮೂಗಿನಿಂದ ಬರುತ್ತದೆ. 1934ರಲ್ಲಿ ಲಂಡನ್ನಿನ ವೈದ್ಯೆ ಮೇರಿ ವಾಕರ್ ಕಿಣ್ವ ತಡೆಯುವ ಫೈಸೋಸ್ಟಿಗ್ಮಿನ್ ಚುಚ್ಚಿ ನೋಡಿದರು, ರೋಗಿಯ ಶಕ್ತಿ ಮರಳಿತು. ಇಂದು ಅದರ ಬಂಧು ಪಿರಿಡೋಸ್ಟಿಗ್ಮಿನ್ ಗುಳಿಗೆಯಾಗಿ ಸಿಗುತ್ತದೆ. (ಹೊಲದಲ್ಲಿ ಮಲಗಿದ್ದವರಿಗೆ ಬೆಳಗಾಗುವಷ್ಟರಲ್ಲಿ ಒಮ್ಮೆಲೇ ರೆಪ್ಪೆ ಜೋತರೆ ಇದನ್ನೆಲ್ಲ ಯೋಚಿಸುತ್ತ ಕೂರಬೇಡಿ, ಹಾವು ಕಚ್ಚಿರಬಹುದು, ಕಟ್ಟುಹಾವಿನ ಕಡಿತದ ಗುರುತೇ ಕಾಣದಿರಬಹುದು.)

ಇಲ್ಲೊಂದು ಗೆರೆ ಎಳೆಯಬೇಕು. ಸ್ನಾಯುವಿಗೆ ಬಲವೇ ಇಲ್ಲದಿರುವುದು ಬೇರೆ, ಬಲವಿದ್ದೂ ಮೈ ಏಳಲಾರದಿರುವುದು ಬೇರೆ. ಲಕ್ವ ಹೊಡೆದು ಚೇತರಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಎರಡನೆಯ ಬಗೆಯದು ಹಿಡಿಯುತ್ತದೆ. ಕೈ ಎತ್ತುತ್ತಾರೆ, ನಡೆಯುತ್ತಾರೆ. ಮನೆಯವರ ಲೆಕ್ಕದಲ್ಲಿ ಗುಣವಾಗಿದೆ. ಆದರೆ ಮೊದಲು ತಾನಾಗಿಯೇ ಆಗುತ್ತಿದ್ದ ಕೆಲಸವನ್ನು ಗಾಯಗೊಂಡ ಮಿದುಳು ಈಗ ದುಪ್ಪಟ್ಟು ದುಡಿದು ಮಾಡುತ್ತಿರುತ್ತದೆ. ಪಾರ್ಕಿನ್ಸನ್‌ನಲ್ಲೂ ಹೀಗೆಯೇ.

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ವಿಜಯಪುರದ ಬೇಸಿಗೆ ಇನ್ನೊಂದು ಶತ್ರು. ನರತಂತುಗಳ ಹೊದಿಕೆ ಕಿತ್ತುಹೋದಾಗ, ಮೈಬಿಸಿ ಸ್ವಲ್ಪ ಏರಿದರೂ ಸಂದೇಶ ನಡುದಾರಿಯಲ್ಲೇ ಸೋರಿಹೋಗುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಇದರ ಸುಳಿವನ್ನು ಗುರುತಿಸಿದ: ಶ್ರಮಪಟ್ಟಾಗ ರೋಗಿಗೆ ಕಣ್ಣು ಮಂಜಾಗುತ್ತಿತ್ತು. 40 ಡಿಗ್ರಿ ದಾಟುವ ಏಪ್ರಿಲ್ ಮಧ್ಯಾಹ್ನ ಇವರು ‘ಆಗೋದಿಲ್ಲ’ ಎಂದರೆ ಅದು ಸೋಮಾರಿತನವಲ್ಲ, ಭೌತಶಾಸ್ತ್ರ. ಕೆಲಸವನ್ನು ನಸುಕಿಗೆ ಸರಿಸುವುದು, ಕೊರಳಿಗೆ ಹಸಿ ಟವೆಲು, ತಂಪು ನೀರು, ಬಿಸಿನೀರ ಸ್ನಾನಕ್ಕೆ ರಜೆ, ಇವು ಔಷಧದಷ್ಟೇ ಮುಖ್ಯ.

ಇನ್ನುಳಿದದ್ದು ಪರೀಕ್ಷೆಗಳೆಲ್ಲ ‘ನಾರ್ಮಲ್’ ಬಂದ ಮೇಲೂ ಉಳಿಯುವ ಸುಸ್ತು. 2006ರ ಚಿಕೂನ್‌ಗುನ್ಯಾವನ್ನು ಈ ಜಿಲ್ಲೆ ಮರೆತಿಲ್ಲ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು, ಮೊದಲು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಆಗಿನ ಬಿಜಾಪುರವೂ ಒಂದು. ಜ್ವರ ವಾರದಲ್ಲಿ ಹೋಯಿತು. ಕೆಲವರ ಕೀಲುನೋವು, ಬಳಲಿಕೆ ತಿಂಗಳುಗಟ್ಟಲೆ ಉಳಿದವು. ಕೋವಿಡ್ ನಂತರ ಜಗತ್ತೆಲ್ಲ ಮಾತಾಡಿದ ಸಂಗತಿ ಇಲ್ಲಿನವರಿಗೆ ಹೊಸದಲ್ಲ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಅದು ಆರು ತಿಂಗಳು ದಾಟಿ, ನಿದ್ದೆ ಮಾಡಿದರೂ ಹೋಗದೆ, ತಲೆಗೆ ಮಂಕು ಕವಿಸಿ, ಸಣ್ಣ ಶ್ರಮಕ್ಕೂ ಮರುದಿನ ಅಥವಾ ಅದರ ಮರುದಿನ ಹಾಸಿಗೆ ಹಿಡಿಸುತ್ತದೆ. ಈ ತಡವಾಗಿ ಬೀಳುವ ಪೆಟ್ಟೇ ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಅಥವಾ ದೀರ್ಘಕಾಲದ ಬಳಲಿಕೆ ರೋಗದ ಮುಖ್ಯ ಗುರುತು. ವಿಶ್ವ ಆರೋಗ್ಯ ಸಂಸ್ಥೆ 1969ರಿಂದಲೇ ಇದನ್ನು ನರರೋಗಗಳ ಪಟ್ಟಿಯಲ್ಲಿಟ್ಟಿದೆ. ಆದರೂ ದಶಕಗಳ ಕಾಲ ರೋಗಿಗಳಿಗೆ ಸಿಕ್ಕಿದ್ದು ‘ಎದ್ದು ಓಡಾಡು, ಸರಿಹೋಗ್ತದೆ’ ಎಂಬ ಬುದ್ಧಿಮಾತು. ದಿನೇ ದಿನೇ ವ್ಯಾಯಾಮ ಏರಿಸುತ್ತ ಹೋದರೆ ರೋಗ ಸುಧಾರಿಸುತ್ತದೆಂದು 2011ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಸಾರಿತು. ರೋಗಿಗಳು ಒಪ್ಪಲಿಲ್ಲ, ಲೆಕ್ಕ ಕೇಳಿದರು, ಜಗಳ ವರ್ಷಗಳ ಕಾಲ ನಡೆಯಿತು. 2021ರಲ್ಲಿ ಅದೇ ದೇಶದ ಅಧಿಕೃತ ಮಾರ್ಗಸೂಚಿ ಆ ಚಿಕಿತ್ಸೆಯನ್ನು ಕೊಡಬೇಡಿ ಎಂದಿತು.

ಬದಲಿಗೆ ಹೇಳುವುದು ಇದ್ದಷ್ಟರಲ್ಲೇ ನಡೆಸುವ ಲೆಕ್ಕ. ಟ್ಯಾಂಕರ್ ನೀರು ತಂದು ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ತಿಕೋಟಾದ ರೈತರಿಗೆ ಇದನ್ನು ಹೊರಗಿನವರು ಕಲಿಸಬೇಕಿಲ್ಲ: ನೀರು ಕಡಿಮೆಯಿರುವ ಬೋರನ್ನು ಒಂದು ತಾಸು ಓಡಿಸಿ ನಿಲ್ಲಿಸಬೇಕು, ಊಟೆ ತುಂಬಲು ಬಿಡಬೇಕು, ಇಂದು ಚೆನ್ನಾಗಿ ಬರುತ್ತಿದೆ ಎಂದು ದಿನವಿಡೀ ಎತ್ತಿದರೆ ಮೋಟಾರು ಸುಡುತ್ತದೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಯಾವ ಹೊತ್ತಿಗೆ ಏನು ಮಾಡಿದೆ, ಯಾವಾಗ ಬಿದ್ದೆ ಎಂದು ಬರೆದಿಟ್ಟರೆ ತನ್ನ ಮಿತಿ ಕಾಣತೊಡಗುತ್ತದೆ. ಆ ಮಿತಿಯ ಒಳಗೇ ನಿಲ್ಲಬೇಕು, ಮುಖ್ಯವಾಗಿ ಚೆನ್ನಾಗಿರುವ ದಿನ. ಅತಿಯಾಗುವ ಮೊದಲೇ ಮಲಗಬೇಕು, ಆದ ಮೇಲಲ್ಲ. ಆದರೆ ಎಲ್ಲ ಸುಸ್ತಿಗೂ ಇದೇ ಸೂತ್ರವಲ್ಲ: ಲಕ್ವದ ನಂತರ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ಖಿನ್ನತೆಯಲ್ಲಿ ತೂಕವರಿತ ವ್ಯಾಯಾಮ ಒಳ್ಳೆಯದನ್ನೇ ಮಾಡುತ್ತದೆ. ಅದಕ್ಕೇ ಯಾವ ಸುಸ್ತು ಎಂದು ಮೊದಲು ತಿಳಿಯಬೇಕು.

ಕಾಗದದ ಮೇಲೆ ಸುಲಭ, ಮನೆಯಲ್ಲಿ ಅಲ್ಲ. ಮಾವನಿಗೆ ಲಕ್ವವಾದರೆ ಜಗುಲಿಯ ಮೇಲೆ ಹಾಸಿಗೆ ಬೀಳುತ್ತದೆ. ಸೊಸೆಗೆ ಸುಸ್ತೆಂದರೆ ‘ನಮ್ಮ ಕಾಲದಾಗ ನಾವು ಮಾಡಿಲ್ಲೇನ’ ಎಂಬ ಮಾತು ಬೀಳುತ್ತದೆ. ಹಗಲು ಹೊತ್ತು ಹೆಂಗಸು ಮಲಗಲು ನಮ್ಮಲ್ಲಿ ತೋರಿಸಬೇಕಾದ ಪರವಾನಗಿ ಆ ಸಲಾಯಿನ್ ಬಾಟಲಿ ಒಂದೇ ಆಗಿರುವುದು ನಾಚಿಕೆಗೇಡು. ನಿಂತು ಹೆಚ್ಚುವುದನ್ನು ಕೂತು ಹೆಚ್ಚಲಿ. ವಾರಕ್ಕೆ ಎರಡು ದಿನ ಮಾರುವ ಕಡಕ್ ರೊಟ್ಟಿ ತಂದರೆ ಯಾರ ಮಾನವೂ ಹೋಗುವುದಿಲ್ಲ. ಕೊಡ ಎತ್ತುವ ಕೆಲಸ ಗಂಡುಮಕ್ಕಳ ಪಾಲಿಗೆ ಬರಲಿ. ಮನಸ್ಸು ಕುಗ್ಗಿದ್ದರೆ ಟೆಲಿಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ ಮಾತ್ರ ಫೋನು, ನೋಟ್‌ಬುಕ್ಕು ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ದೀರ್ಘಕಾಲದ ನರರೋಗಗಳು ಸೇರಿವೆ. ದೀರ್ಘಕಾಲದ ಬಳಲಿಕೆ ರೋಗದ ಹೆಸರು ಅಲ್ಲಿಲ್ಲ. ಬಹುತೇಕ ಸವಲತ್ತುಗಳಿಗೆ ಶೇ 40ರ ಪ್ರಮಾಣಪತ್ರ ಬೇಕು. ತಪಾಸಣೆ ನಡೆಯುವುದು ಬೆಳಗಿನ ಹೊತ್ತು, ಕೈಯ ಹಿಡಿತ ಆಗ ಸರಿಯಾಗಿಯೇ ಇರುತ್ತದೆ. ಬಬಲೇಶ್ವರದಿಂದ ಬಸ್ಸು ಹತ್ತಿ ಬಂದ ಆ ದಿನದ ಬೆಲೆ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಮುಂದೆ ಕಾಣುವುದಿಲ್ಲ, ಎರಡು ದಿನ ಬಿಟ್ಟು ಮನೆಯಲ್ಲಿ ಕಾಣುತ್ತದೆ. ಆದ್ದರಿಂದ ಹೋಗುವಾಗ ಎರಡು ವಾರದ ಆ ನೋಟ್‌ಬುಕ್ಕು, ವೈದ್ಯರ ಹಳೆಯ ಚೀಟಿಗಳು, ಜೊತೆಗೆ ರೋಗಿಯನ್ನು ಸಂಜೆ ಹೊತ್ತು ನೋಡಿರುವ ಮನೆಯವರೊಬ್ಬರು ಇರಲಿ.