ಕೇಳಿದ್ದು ಸಿಗದಿದ್ದರೂ ಮಾತು ಬಿಡಬೇಡಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮಂಥ ಕೆಲವೇ ಕ್ರೈಸ್ತ ಮನೆಗಳಿಗೆಲ್ಲ ಒಂದೇ ವಾಟ್ಸಾಪ್ ಗ್ರೂಪ್ ಇದೆ. ಬೆಳಗಾದರೆ ಪ್ರಾರ್ಥನೆಯ ಕೋರಿಕೆಗಳು ಶುರು. ನಾಳೆ ಮಗಳ ಇಂಟರ್‌ವ್ಯೂ, ಅಜ್ಜನ ಆಪರೇಷನ್, ಬಿತ್ತಿದ ಗೋವಿನಜೋಳಕ್ಕೆ ಮಳೆ. ಕೇಳಿದ್ದು ಸಿಕ್ಕರೆ ‘ಸಾಕ್ಷಿ’ ಬರುತ್ತದೆ, ಅದರ ಕೆಳಗೆ ಸಾಲಾಗಿ ‘ಆಮೆನ್’. ಸಿಗದಿದ್ದವರು ಮಾತ್ರ ಏನೂ ಬರೆಯುವುದಿಲ್ಲ.

ನಮ್ಮ ಮನೆಯೂ ಹಾಗೆ ಸುಮ್ಮನಾದ ಮನೆ. ಹಾನಗಲ್ಲಿನಲ್ಲಿ ಟೇಲರ್ ಆಗಿದ್ದ ಅಪ್ಪನಿಗೆ ಎರಡೂ ಕಿಡ್ನಿ ಹೋಗಿದ್ದವು. ಎರಡು ವರ್ಷ ಡಯಾಲಿಸಿಸ್. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಶುಕ್ರವಾರ ರಾತ್ರಿ ಬಸ್ ಹತ್ತುತ್ತಿದ್ದೆ. ಸಭೆಯವರು ಉಪವಾಸ ಮಾಡಿದರು. ಪಕ್ಕದ ಮನೆಯ ಅಕ್ಕ ದ್ಯಾಮವ್ವನಿಗೆ ಉಡಿ ತುಂಬುವ ಹರಕೆ ಹೊತ್ತರು. ಸವಣೂರಿನಲ್ಲಿ ಎಲೆ ವ್ಯಾಪಾರ ಮಾಡುವ ಅಪ್ಪನ ಗೆಳೆಯ ದರ್ಗಾಕ್ಕೆ ಹೋಗಿ ಬೇಡಿಕೊಂಡು ಬಂದರು. ಗೋವಿಂದಭಟ್ಟರು ಗುರು, ಷರೀಫರು ಶಿಷ್ಯ ಎಂಬ ಸೀಮೆ ಇದು, ಹೀಗೆ ನಡೆಯುವುದು ಇಲ್ಲಿ ಹೊಸದೇನಲ್ಲ. ಆದರೂ ಅಪ್ಪ ಉಳಿಯಲಿಲ್ಲ.

ಮಣ್ಣು ಮಾಡಿದ ಮೂರನೇ ದಿನ ಬಂದ ಬೋಧಕರೊಬ್ಬರು, ‘ನಂಬಿಕೆ ಇನ್ನೂ ಸ್ವಲ್ಪ ಗಟ್ಟಿ ಇರಬೇಕಿತ್ತು’ ಅಂದರು. ಸಾವಿಗಿಂತ ಹೆಚ್ಚು ಚುಚ್ಚಿದ್ದು ಆ ಮಾತು.

ಯೋಬನ ಗೆಳೆಯರು

ಅವತ್ತಿನಿಂದ ಸತ್ಯವೇದದಲ್ಲಿ ದುಃಖದ ಪುಟಗಳನ್ನೇ ಹುಡುಕಿ ಓದತೊಡಗಿದೆ. ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನೀನೇ ಏನೋ ತಪ್ಪು ಮಾಡಿರಬೇಕು ಎಂದು ಅವನ ಮೇಲೇ ಹೊರಿಸಿದರು. 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಕೂಗಾಡಿ ಪ್ರಶ್ನೆ ಕೇಳಿದ ಯೋಬ ತನ್ನ ಬಗ್ಗೆ ಸರಿಯಾಗಿ ಮಾತಾಡಿದ ಅನ್ನುತ್ತಾನೆ. ಹಾಗಂತ ಯೋಬನ ‘ಯಾಕೆ’ಗೆ ಅಲ್ಲಿ ಉತ್ತರ ಸಿಗುವುದಿಲ್ಲ.

150 ಕೀರ್ತನೆಗಳಲ್ಲಿ ಗೋಳಾಟ, ದೂರು ತುಂಬಿದವು ಬಹಳ ಇವೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಗೆತ್ಸೇಮನೆ ತೋಟದಲ್ಲಿ ಸ್ವತಃ ಯೇಸು ಬೇಡಿಕೊಂಡ ಪಾತ್ರೆಯೂ ತಪ್ಪಲಿಲ್ಲ. ನಂಬಿಕೆ ಕಡಿಮೆ ಇದ್ದದ್ದಕ್ಕೇ ಹೀಗಾಯಿತು ಅನ್ನುವವರು ಈ ಪುಟಗಳನ್ನು ಏನು ಮಾಡುತ್ತಾರೆ?

ಕತ್ತಲಲ್ಲೂ ಕೆಲಸ

ಕನ್ನಡಿಗರಿಗೆಲ್ಲ ಗೊತ್ತಿರುವ ಹೆಸರು ಫರ್ಡಿನಾಂಡ್ ಕಿಟೆಲ್. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಬಂದವರು, ನಮ್ಮ ಧಾರವಾಡ ಸೀಮೆಯಲ್ಲೂ ಇದ್ದವರು. 1860ರಲ್ಲಿ ಮದುವೆಯಾದರು, ನಾಲ್ಕೇ ವರ್ಷಕ್ಕೆ ಹೆಂಡತಿ ಪೌಲೀನ ತೀರಿಕೊಂಡರು. ಆಮೇಲೂ ಅವರು ಕನ್ನಡದ ಕೆಲಸ ಬಿಡಲಿಲ್ಲ. ಸುಮಾರು 70,000 ಪದಗಳ ಅವರ ನಿಘಂಟು ಹೊರಬಂದದ್ದು 1894ರಲ್ಲಿ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾದಾಗ ಜಗತ್ತೇ ಬೆರಗಾಯಿತು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸುಳಿವೇ ಸಿಕ್ಕಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು ರೋಗಿಗಳ ಹತ್ತಿರ ಹೋಗುವುದನ್ನು ಅವರು ನಿಲ್ಲಿಸಲಿಲ್ಲ.

2023ರ ಬರದಲ್ಲಿ ಹಿರೇಕೆರೂರಿನ ನಮ್ಮ ಸೋದರಮಾವನ ಗೋವಿನಜೋಳ ಮೊಣಕಾಲೆತ್ತರಕ್ಕೇ ಒಣಗಿತು. ಆ ಭಾನುವಾರ ಮನೆಕೂಟದಲ್ಲಿ ಅವರು ಹಬಕ್ಕೂಕನ ಮೂರನೇ ಅಧ್ಯಾಯ ಓದಿದರು. ಹೊಲ ಬೆಳೆಯದಿದ್ದರೂ, ಕೊಟ್ಟಿಗೆ ಬರಿದಾದರೂ ದೇವರನ್ನು ಬಿಡೆನು ಅನ್ನುವ ಭಾಗ. ಓದಿ ಮುಗಿಸಿ, ‘ಸಾಲದ ಕಂತು ಹೆಂಗ್ ಕಟ್ಟೂದೋ ಗೊತ್ತಿಲ್ಲ’ ಅಂತ ಕಣ್ಣೊರೆಸಿಕೊಂಡರು. ಆ ಕಣ್ಣೀರೂ ಪ್ರಾರ್ಥನೆಯೇ ಅಲ್ಲವೇ?

ನೀವೂ ಇಂಥ ದಿನಗಳಲ್ಲಿದ್ದರೆ

ಸಿಟ್ಟನ್ನು ಮುಚ್ಚಿಡಬೇಡಿ. ಸ್ವಂತ ಮಾತು ಹೊರಡದಿದ್ದರೆ ಒಂದು ಕೀರ್ತನೆ ಓದಿ, ಅಷ್ಟು ಸಾಕು. ಔಷಧಿ, ಡಾಕ್ಟರು, ಬೇಕಾದರೆ ಕೌನ್ಸೆಲರ್, ಇವರನ್ನು ನೆಚ್ಚಿದರೆ ನಂಬಿಕೆ ಕಮ್ಮಿಯಾಯಿತು ಅಂತಲ್ಲ. ಬೇರೆಯವರ ದುಃಖಕ್ಕೆ ಹೋದಾಗ ಕಾರಣ ಹೇಳಲು ಹೋಗಬೇಡಿ. ಒಂದು ಬುತ್ತಿ ರೊಟ್ಟಿ ಒಯ್ಯಿರಿ, ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂತು ಬನ್ನಿ.

ಅಪ್ಪ ಹೋದ ಮೇಲೆ ನಾನು ಕೆಲವು ತಿಂಗಳು ಚರ್ಚಿಗೆ ಹೋಗಲಿಲ್ಲ. ಅವ್ವ ಬೈಯಲಿಲ್ಲ. ‘ಸಿಟ್ಟ್ ಬಂದ್ರ ಅವನ ಕೂಡ ಜಗಳಾ ಮಾಡು, ಆದ್ರ ಮಾತ್ ಬಿಡಬ್ಯಾಡ’ ಅಂದಳು, ಅಷ್ಟೇ. ಈಗ ಹೋಗುತ್ತೇನೆ. ‘ಯಾಕೆ’ ಅನ್ನುವುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ, ಪ್ರತಿ ಭಾನುವಾರ ಕೇಳುತ್ತೇನೆ.

ಕಳೆದ ವಾರ ಗ್ರೂಪಿನಲ್ಲಿ ಶಿಗ್ಗಾಂವಿಯ ತಂಗಿಯೊಬ್ಬಳು ಬರೆದಳು: ‘ಪ್ರಾರ್ಥನೆ ಮಾಡಿದ್ವಿ, ಮಗು ಉಳೀಲಿಲ್ಲ.’ ತುಂಬಾ ಹೊತ್ತು ಯಾರೂ ಏನೂ ಹಾಕಲಿಲ್ಲ. ಆಮೇಲೆ ಅವ್ವ ನನ್ನ ಕೈಲಿ ಟೈಪ್ ಮಾಡಿಸಿದಳು: ‘ನಾಳೆ ಮುಂಜಾನೆ ಬಸ್ಸಿಗೆ ಬರ್ತೀನಿ ಮಗಳ.’